ಮನೆಯಲ್ಲಿದ್ದಾರೆ, ಸರಿ, ಹೇಗಿದ್ದಾರೆ?

ವಯಸ್ಸಾದವರ ಆರೈಕೆಯ ಹೊಣೆ ಹೊತ್ತ ಇಂಗ್ಲೆಂಡಿನ ಸ್ಥಳೀಯ ಸರ್ಕಾರಗಳ ಕೆಲಸವನ್ನು ಅಳೆಯಲು ಹಲವು ವರ್ಷ ಒಂದು ಲೆಕ್ಕ ಬಳಕೆಯಲ್ಲಿತ್ತು. 65 ದಾಟಿದವರೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ, ಮತ್ತೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಲು ಕೆಲವು ವಾರ ನೆರವು ಪಡೆದಿದ್ದರೆ, 91ನೇ ದಿನ ಅವರು ಎಲ್ಲಿದ್ದಾರೆ ಎಂದು ನೋಡುವುದು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆಸ್ಪತ್ರೆ ಬಿಟ್ಟವರ ಪಟ್ಟಿ ಮಾಡಿ, ಜನವರಿಯಿಂದ ಮಾರ್ಚ್‌ವರೆಗೆ ಒಬ್ಬೊಬ್ಬರದೂ ವಿಚಾರಿಸುತ್ತಿದ್ದರು. ಮನೆಯಲ್ಲಿದ್ದರೆ ಸೇವೆ ಫಲಿಸಿತು ಎಂದು ಲೆಕ್ಕ. ಆಸ್ಪತ್ರೆಯಲ್ಲಿದ್ದರೆ, ಕಾಯಂ ಆರೈಕೆ ಕೇಂದ್ರ ಸೇರಿದ್ದರೆ ಅಥವಾ ತೀರಿಕೊಂಡಿದ್ದರೆ ಫಲಿಸಲಿಲ್ಲ ಎಂದು ಲೆಕ್ಕ. ದೇಶದ ಸರಾಸರಿ ಹೆಚ್ಚುಕಡಿಮೆ ಪ್ರತಿ ವರ್ಷವೂ 100ಕ್ಕೆ 82ರ ಆಸುಪಾಸಿನಲ್ಲೇ ಇರುತ್ತಿತ್ತು. ಒಂದೇ ಅಂಕಿ, ಒಂದೇ ದಿನ, ಯಾರಿಗೂ ಅರ್ಥವಾಗುವ ಪ್ರಶ್ನೆ. ಮನೆ ಆರೈಕೆಯನ್ನು ಅಳೆಯಲು ಇದಕ್ಕಿಂತ ಸರಳವಾದ ಕೋಲು ಸಿಗಲಾರದು ಅನ್ನಿಸುತ್ತದೆ.

ಈ ಲೆಕ್ಕ ಪ್ರಕಟವಾಗುತ್ತಿದ್ದ ವರದಿಯಲ್ಲೇ ಇನ್ನೊಂದು ಅಂಕಣವಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾದ ಎಲ್ಲ ಹಿರಿಯರ ಪೈಕಿ ಈ ನೆರವು ಸಿಕ್ಕಿದ್ದು ಎಷ್ಟು ಜನರಿಗೆ ಎಂಬುದು ಅದು. ಉತ್ತರ, 100ಕ್ಕೆ ಸುಮಾರು ಮೂವರಿಗೆ. ಎರಡು ಅಂಕಣಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ 82ರ ಹೊಳಪು ಮಾಸುತ್ತದೆ. ಆ ಮೂವರನ್ನು ಆರಿಸಿದವರು ಯಾರು, ಯಾವ ಆಧಾರದ ಮೇಲೆ? ಬೇಗ ಚೇತರಿಸಿಕೊಳ್ಳುವ ಲಕ್ಷಣ ಇರುವವರನ್ನೇ ಆರಿಸಿಕೊಂಡ ಊರಿಗೆ ಒಳ್ಳೆಯ ಅಂಕ ಬರುತ್ತದೆ. ಸೊಂಟದ ಮೂಳೆ ಮುರಿದು, ಮರೆವಿನ ಕಾಯಿಲೆಯೂ ಇರುವ 88ರ ಅಜ್ಜಿಯನ್ನು ಧೈರ್ಯ ಮಾಡಿ ಸೇರಿಸಿಕೊಂಡ ಊರು ಹಿಂದೆ ಬೀಳುತ್ತದೆ. ಉಳಿದಿರುವುದು ಕೆಲವೇ ವಾರ ಎಂದು ಗೊತ್ತಿದ್ದು, ಸ್ವಂತ ಹಾಸಿಗೆಯಲ್ಲೇ ಕಣ್ಣು ಮುಚ್ಚಬೇಕು ಎಂದು ಬಯಸಿದವರನ್ನು ಈ ಸೇವೆಗೆ ಸೇರಿಸಿಕೊಂಡು ಮನೆಗೆ ಕಳುಹಿಸಿದರೆ, ಆ ಸಾವೂ ಸೋಲಿನ ಖಾತೆಗೇ ಹೋಗುತ್ತದೆ. ಮನೆ ಆರೈಕೆ ಮಾಡಬಹುದಾದ ಅತ್ಯಂತ ಮನುಷ್ಯತ್ವದ ಕೆಲಸವೇ ಆ ಲೆಕ್ಕದಲ್ಲಿ ಕಳಂಕವಾಗಿಬಿಡುತ್ತದೆ. ಅಳತೆ ಮಾಡಿದವರ ಉದ್ದೇಶದಲ್ಲಿ ದೋಷವಿರಲಿಲ್ಲ. ಅವರು ಅಳೆದದ್ದು ವ್ಯಕ್ತಿ ಇರುವ ಜಾಗವನ್ನು. ಆ ಜಾಗದಲ್ಲಿ ಅವರ ದಿನ ಹೇಗೆ ಸಾಗುತ್ತಿದೆ ಎಂಬುದನ್ನಲ್ಲ.

ಇಂಗ್ಲೆಂಡಿನ ಈ ಮಾತು ಕರ್ನಾಟಕಕ್ಕೆ ಯಾಕೆ ಬೇಕು ಎಂದರೆ, ಮನೆ ಬಾಗಿಲಿಗೆ ಆರೋಗ್ಯ ಸೇವೆ ಎಂಬ ಮಾತು ಈಗ ನಮ್ಮಲ್ಲೂ ಸರ್ಕಾರದ ಯೋಜನೆಯಾಗಿದೆ. ಯೋಜನೆ ಬಂದಮೇಲೆ ಅದು ಫಲ ಕೊಟ್ಟಿತೇ ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಆಗ ಹೊರಗಿನ ಅಳತೆಗೋಲನ್ನು ಹಾಗೇ ತಂದು ಇಟ್ಟರೆ ಅದು ಇಲ್ಲಿ ಏನನ್ನೂ ತೋರಿಸುವುದಿಲ್ಲ. ನಮ್ಮಲ್ಲಿ 91ನೇ ದಿನ ಬದುಕಿರುವ ಬಹುಪಾಲು ಎಲ್ಲ ಹಿರಿಯರೂ ಮನೆಯಲ್ಲೇ ಇರುತ್ತಾರೆ, ಸೇವೆ ಸಿಕ್ಕರೂ ಸಿಗದಿದ್ದರೂ. ಹೋಗಲು ಬೇರೆ ಜಾಗವಿಲ್ಲ. ಎದ್ದು ಓಡಾಡಲಾಗದವರನ್ನು ಸೇರಿಸಿಕೊಳ್ಳುವ ವೃದ್ಧಾಶ್ರಮಗಳು ಬೆರಳೆಣಿಕೆಯಷ್ಟು. ಶುಲ್ಕ ಕೊಟ್ಟು ಅಲ್ಲಿ ಇರಬಲ್ಲವರೂ ಕಡಿಮೆ. 2017-18ರಲ್ಲಿ ನಡೆದ ದೇಶದ ದೊಡ್ಡ ಹಿರಿಯರ ಸಮೀಕ್ಷೆ ‘ಲಾಸಿ’ಯ ಪ್ರಕಾರ 60 ದಾಟಿದವರಲ್ಲಿ ಸುಮಾರು 6% ಜನ ಒಂಟಿಯಾಗಿ, ಸುಮಾರು 20% ಜನ ಗಂಡ ಅಥವಾ ಹೆಂಡತಿಯ ಜೊತೆ ಮಾತ್ರ ಇದ್ದಾರೆ, ಉಳಿದವರಲ್ಲಿ ಹೆಚ್ಚಿನವರು ಮಕ್ಕಳ, ಬಂಧುಗಳ ಜೊತೆ. ಅದೇ ಸಮೀಕ್ಷೆ ಹೇಳುವಂತೆ 24% ಹಿರಿಯರಿಗೆ ಸ್ನಾನ, ಊಟ, ಬಟ್ಟೆ ತೊಡುವುದು, ಶೌಚ, ನಡೆಯುವುದು ಇಂಥ ನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟ. ಅಡುಗೆ, ಖರೀದಿ, ಮಾತ್ರೆ ನೆನಪಿಟ್ಟು ತೆಗೆದುಕೊಳ್ಳುವುದು, ಹಣದ ವ್ಯವಹಾರ ಇವುಗಳಲ್ಲಿ ಒಂದಾದರೂ ಆಗದವರು 48%. ಇವರೆಲ್ಲ ‘ಮನೆಯಲ್ಲಿ ಉಳಿದವರು’. ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು 2021ರ ಅಂದಾಜಿನಲ್ಲೇ 11.5% ಮುಟ್ಟಿತ್ತು ಎಂಬುದನ್ನು ಸೇರಿಸಿಕೊಂಡರೆ, ಎಷ್ಟು ಮನೆಗಳ ಮಾತು ಇದು ಎಂದು ತಿಳಿಯುತ್ತದೆ.

ಒಂದೇ ಬೀದಿಯ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಲಕ್ವ ಹೊಡೆದು ಮೂರು ತಿಂಗಳಾದ ಒಬ್ಬರು ಬೆಳಿಗ್ಗೆ ಗೋಡೆಗೆ ಬಡಿದ ಕಬ್ಬಿಣದ ಹಿಡಿ ಹಿಡಿದು ಹಿತ್ತಲ ಬಚ್ಚಲಿಗೆ ಹೋಗುತ್ತಾರೆ. ಹೊಸ್ತಿಲ ಎತ್ತರಕ್ಕೆ ಒಂದು ಇಳಿಜಾರು ಹಲಗೆ ಹಾಕಿದ್ದಾರೆ, ನೆಲದ ಕಕ್ಕಸಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಇಟ್ಟಿದ್ದಾರೆ, ಎಡಗೈಯಲ್ಲೇ ಮುದ್ದೆ ಮುರಿದು ನುಂಗುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನಾಲ್ಕು ಮನೆ ಆಚೆ, ಅದೇ ಕಾಯಿಲೆ, ಅದೇ ವಯಸ್ಸು, ಅದೇ ಆಸ್ಪತ್ರೆ. ಡಿಸ್ಚಾರ್ಜ್ ಆದ ದಿನ ಮಂಚಕ್ಕೆ ಹತ್ತಿಸಿದವರನ್ನು ಮತ್ತೆ ಇಳಿಸಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಯಾರೂ ಹೇಳಿಕೊಡದ ಕಾರಣ ಬೆನ್ನ ಕೆಳಗೆ ಹಾಸಿಗೆ ಹುಣ್ಣು ಅಂಗೈಯಗಲ ಬಾಯಿ ಬಿಟ್ಟಿದೆ. ರಾತ್ರಿ ಎಬ್ಬಿಸಬೇಕಾಗುತ್ತದೆ ಎಂಬ ಸಂಕೋಚಕ್ಕೆ ಅವರು ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. 91ನೇ ದಿನದ ಲೆಕ್ಕದಲ್ಲಿ ಇಬ್ಬರೂ ಒಂದೇ. ಇಬ್ಬರೂ ಮನೆಯಲ್ಲಿದ್ದಾರೆ.

ಹಾಗಾದರೆ ಏನನ್ನು ಅಳೆಯಬೇಕು ಎನ್ನುವ ಮೊದಲು ಅಮೆರಿಕದ ಒಂದು ಪ್ರಯೋಗವನ್ನು ನೆನೆಯಬೇಕು. ಮನೆ ಆರೈಕೆ ಕೊಟ್ಟರೆ ಜನ ನರ್ಸಿಂಗ್ ಹೋಂ ಸೇರುವುದು ತಪ್ಪುತ್ತದೆ, ಸರ್ಕಾರಕ್ಕೆ ಹಣ ಉಳಿಯುತ್ತದೆ ಎಂಬ ನಂಬಿಕೆಯಿಂದ 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿನ ಹತ್ತು ಕಡೆ ‘ಚಾನೆಲಿಂಗ್’ ಎಂಬ ದೊಡ್ಡ ಪ್ರಯೋಗ ನಡೆಯಿತು. 6 ಸಾವಿರಕ್ಕೂ ಹೆಚ್ಚು ಹಿರಿಯರನ್ನು ಚೀಟಿ ಎತ್ತುವಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೆಚ್ಚಿನ ಸೇವೆ ಕೊಟ್ಟು, ಇನ್ನೊಂದನ್ನು ಇದ್ದಂತೆ ಬಿಟ್ಟು ಹೋಲಿಸಿದರು. ನರ್ಸಿಂಗ್ ಹೋಂ ಸೇರುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಒಟ್ಟು ಖರ್ಚು ಹೆಚ್ಚಾಯಿತು. ಕಾರಣ ಸರಳ. ಸೇವೆ ಪಡೆದವರಲ್ಲಿ ಹೆಚ್ಚಿನವರು ಸೇವೆ ಇಲ್ಲದಿದ್ದರೂ ಮನೆಯಲ್ಲೇ ಇರುತ್ತಿದ್ದರು. ಹೋಲಿಸಿ ನೋಡಲು ಎರಡನೆಯ ಗುಂಪು ಇಲ್ಲದೇ ಹೋಗಿದ್ದರೆ, ಇಷ್ಟು ಜನರನ್ನು ನಾವೇ ಮನೆಯಲ್ಲಿ ಉಳಿಸಿದೆವು ಎಂದು ವರದಿ ಬರೆಯಬಹುದಿತ್ತು. ಆದರೆ ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು. ಸೇವೆ ಸಿಕ್ಕವರಿಗೆ ಈಡೇರದೆ ಉಳಿದ ಅಗತ್ಯಗಳು ಕಡಿಮೆಯಾದವು, ನೆರವು ಬರುತ್ತದೆ ಎಂಬ ಭರವಸೆ ಹೆಚ್ಚಿತು, ಅವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಬದುಕಿನ ಬಗ್ಗೆ ಸಮಾಧಾನ ಹೆಚ್ಚಿತು. ಹಣ ಉಳಿಯಲಿಲ್ಲ ಎಂಬ ಅರ್ಧ ಫಲಿತಾಂಶ ಬಹಳ ದೂರ ಹೋಯಿತು. ಬದುಕು ಹಗುರಾಯಿತು ಎಂಬ ಅರ್ಧ ಹಿಂದೆ ಉಳಿಯಿತು. ನನ್ನ ಮಟ್ಟಿಗೆ ಎರಡನೆಯ ಅರ್ಧವೇ ಮನೆ ಆರೈಕೆಯ ನಿಜವಾದ ಫಲ. ಅದನ್ನು ಅಳೆಯಲು ಕಲಿಯದಿದ್ದರೆ, ಹಣ ಉಳಿಸಲಿಲ್ಲ ಎಂಬ ನೆಪಕ್ಕೆ ಒಳ್ಳೆಯ ಸೇವೆಯೊಂದು ಮುಚ್ಚಿಹೋಗುವ ದಿನ ನಮ್ಮಲ್ಲೂ ಬರುತ್ತದೆ.

ಅಳೆಯುವ ಸಾಧನಗಳಿಗೆ ಬರವಿಲ್ಲ. 1965ರಲ್ಲಿ ಅಮೆರಿಕದ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡೊರೊಥಿಯಾ ಬಾರ್ಥೆಲ್ ಪ್ರಕಟಿಸಿದ ಹತ್ತು ಅಂಶಗಳ ಪಟ್ಟಿ ಇಂದಿಗೂ ಪಾರ್ಶ್ವವಾಯು ವಾರ್ಡುಗಳಲ್ಲಿ ನಡೆಯುತ್ತಿದೆ. ಊಟ, ಸ್ನಾನ, ಬಟ್ಟೆ, ಮಲಮೂತ್ರದ ಹಿಡಿತ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮೆಟ್ಟಿಲು ಹತ್ತುವುದು, ಹೀಗೆ ಒಂದೊಂದಕ್ಕೂ ಅಂಕ ಕೊಟ್ಟು ಒಟ್ಟು 100. ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಬರೆದವರ ಮನಸ್ಸಿನಲ್ಲಿದ್ದ ಮನೆ ಬೇರೆ. ನಮ್ಮ ಹಳ್ಳಿಯ ಹಿರಿಯರಿಗೆ ಕೂರುವ ಕಮೋಡಿನಿಂದ ಏಳುವುದಕ್ಕಿಂತ ಕುಕ್ಕರಗಾಲಲ್ಲಿ ಕೂತು ಏಳಬಲ್ಲರೇ ಎಂಬುದು ಮುಖ್ಯ. ಬಚ್ಚಲು ಮನೆಯೊಳಗಿದೆಯೇ ಅಂಗಳದಾಚೆಯೇ ಎಂಬುದು ಇನ್ನೂ ಮುಖ್ಯ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮರೆವಿನ ಕಾಯಿಲೆಯ ಅಧ್ಯಯನ ನಡೆಸಿದ ತಂಡಕ್ಕೆ ಇದೇ ತೊಡಕು ಎದುರಾಯಿತು. ಓದುಬರಹ ಇಲ್ಲದ, ಮನೆಯ ಹೆಚ್ಚಿನ ಕೆಲಸ ಸೊಸೆಯಂದಿರಿಗೆ ಬಿಟ್ಟುಕೊಟ್ಟ ಹಿರಿಯರಿಗೆ ಪಶ್ಚಿಮದ ಪ್ರಶ್ನೆಗಳು ಹೊಂದಲಿಲ್ಲ. ಅವರು ಇಲ್ಲಿನ ದಿನಚರಿಗೆ ತಕ್ಕ ಪ್ರಶ್ನೆಗಳನ್ನು ಹೊಸದಾಗಿ ಕಟ್ಟಿ, ಭಾರತಕ್ಕೇ ಬೇರೆ ಮಾಪಕ ಮಾಡಿಕೊಂಡರು. ಕನ್ನಡದ ಮನೆಗೂ ಅಂಥ ಕೆಲಸ ಆಗಬೇಕು, ಆಗಲು ಸಾಧ್ಯವಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಅಳತೆ ನನಗೆ ಬಹಳ ಹಿಡಿಸಿದ್ದು, ಪಾರ್ಶ್ವವಾಯು ಸಂಶೋಧಕರು ಬಳಸುವ ‘ಮನೆಯ ದಿನಗಳು’. 91ನೇ ದಿನ ಎಲ್ಲಿದ್ದರು ಎಂದು ಕೇಳುವ ಬದಲು, ಕಳೆದ 90 ದಿನಗಳಲ್ಲಿ ಎಷ್ಟು ದಿನ ಬದುಕಿ, ಆಸ್ಪತ್ರೆಯ ಹೊರಗೆ, ತಮ್ಮ ಮನೆಯಲ್ಲಿ ಕಳೆದರು ಎಂದು ಎಣಿಸುವುದು. 80ನೇ ದಿನ ತೀರಿಕೊಂಡವರೂ ಇಲ್ಲಿ ಸೊನ್ನೆಯಾಗುವುದಿಲ್ಲ. ಅವರ ಬದುಕಿದ ದಿನಗಳು ಲೆಕ್ಕಕ್ಕೆ ಸಿಗುತ್ತವೆ. ಮೂರು ಸಲ ಆಸ್ಪತ್ರೆಗೆ ಹೋಗಿಬಂದು ಕೊನೆಯ ದಿನ ಮಾತ್ರ ಮನೆಯಲ್ಲಿದ್ದವರು ಪೂರ್ತಿ ಗೆದ್ದಂತೆಯೂ ಆಗುವುದಿಲ್ಲ. ಈ ಎಣಿಕೆಯ ಜೊತೆಗೆ ಮೇಲಿನ ಹತ್ತು ಅಂಶಗಳಂಥ ಪಟ್ಟಿಯೊಂದನ್ನು ಇಟ್ಟರೆ, ಎಷ್ಟು ದಿನ ಎಂಬುದರ ಪಕ್ಕದಲ್ಲಿ ಹೇಗೆ ಎಂಬುದೂ ಕೂರುತ್ತದೆ.

ಇಷ್ಟಾದರೂ ಒಬ್ಬರು ಲೆಕ್ಕದ ಹೊರಗೇ ಉಳಿಯುತ್ತಾರೆ. ಹಾಸಿಗೆ ಹಿಡಿದವರು ಮನೆಯಲ್ಲಿ ಉಳಿದಿದ್ದಾರೆ ಎಂದರೆ ಅವರನ್ನು ಉಳಿಸಿಕೊಂಡವರು ಯಾರೋ ಇದ್ದಾರೆ. ನಮ್ಮಲ್ಲಿ ಅದು ಹೆಂಡತಿ, ಸೊಸೆ, ಮಗಳು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 137 ನಿಮಿಷ ಕೊಡುತ್ತಿದ್ದರು, ಪುರುಷರು 75 ನಿಮಿಷ. ಮಕ್ಕಳ ಆರೈಕೆಯೂ ಸೇರಿದ ಸರಾಸರಿ ಇದು. ಪಾರ್ಶ್ವವಾಯು ಬಡಿದ ಮಾವನನ್ನು ನೋಡಿಕೊಳ್ಳುವ ಮನೆಯಲ್ಲಿ ಗಡಿಯಾರಕ್ಕೆ ಅರ್ಥವೇ ಇರುವುದಿಲ್ಲ. ಗಾರ್ಮೆಂಟ್ಸ್ ಕೆಲಸ ಬಿಟ್ಟು ಮನೆಯಲ್ಲಿ ಕೂತವಳ ಸಂಬಳ ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲೂ ಕಾಣುವುದಿಲ್ಲ. ಜಪಾನ್‌ನಲ್ಲಿ ಮನೆಯವರ ಆರೈಕೆಗಾಗಿ ಕೆಲಸ ಬಿಡುವವರನ್ನು ಸರ್ಕಾರವೇ ಎಣಿಸುತ್ತದೆ. ವರ್ಷಕ್ಕೆ ಸುಮಾರು ಒಂದು ಲಕ್ಷ ಜನ. ಹಾಗೆ ಎಣಿಸಿದ್ದರಿಂದಲೇ ಅದು ಅಲ್ಲಿ ರಾಜಕೀಯ ಪ್ರಶ್ನೆಯಾಯಿತು. ಆರೈಕೆ ಮಾಡುವವರ ಹೊರೆಯನ್ನು ಅಳೆಯಲು ಅಮೆರಿಕದ ಸ್ಟೀವನ್ ಜಾರಿಟ್ ಮತ್ತು ಸಂಗಡಿಗರು 1980ರಲ್ಲೇ ಪ್ರಶ್ನಾವಳಿ ಮಾಡಿದರು. ಈಗ ಅದರ 22 ಪ್ರಶ್ನೆಗಳ ರೂಪ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಮನೆ ಆರೈಕೆಯ ಯಾವುದೇ ಅಳತೆಯಲ್ಲಿ ಈ ಭಾಗ ಇಲ್ಲದಿದ್ದರೆ, ಒಬ್ಬರ ನೆಮ್ಮದಿಯನ್ನು ಇನ್ನೊಬ್ಬರ ಬೆನ್ನು ಮುರಿದು ಕೊಂಡದ್ದನ್ನೂ ನಾವು ಯಶಸ್ಸು ಎಂದು ಬರೆದುಕೊಳ್ಳುತ್ತೇವೆ.

ಈಗ ನಮ್ಮಲ್ಲಿ ಏನನ್ನು ಎಣಿಸುತ್ತಿದ್ದೇವೆ? 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ಕಾಯಿಲೆ, ಕೆಲವು ಕ್ಯಾನ್ಸರ್‌ಗಳನ್ನು ಹುಡುಕುತ್ತಾರೆ, ಮಾತ್ರೆ ತಲುಪಿಸುತ್ತಾರೆ. ಒಳ್ಳೆಯ ಕೆಲಸ, ಬೇಕಾದ ಕೆಲಸ. ಆದರೆ ಇಂಥ ಯೋಜನೆಗಳ ವರದಿಯಲ್ಲಿ ಮುಂದೆ ನಿಲ್ಲುವುದು ಎಷ್ಟು ಮನೆ, ಎಷ್ಟು ತಪಾಸಣೆ, ಎಷ್ಟು ಮಾತ್ರೆ ಎಂಬ ಸಂಖ್ಯೆಗಳು. ಅದೇ ತಿಂಗಳು 70 ದಾಟಿದವರಿಗೆಲ್ಲ ವಿಸ್ತರಿಸಿದ ಆಯುಷ್ಮಾನ್ ವಿಮೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಹೊರುತ್ತದೆ, ಬಿಡುಗಡೆಯ ನಂತರ 15 ದಿನಗಳವರೆಗಿನ ಖರ್ಚನ್ನೂ ಒಳಗೊಳ್ಳುತ್ತದೆ. ಹದಿನಾರನೇ ದಿನದಿಂದ ಶುರುವಾಗುವ ಬದುಕು ಯಾರ ಕಡತದಲ್ಲೂ ಇಲ್ಲ. ಪಕ್ಕದ ಕೇರಳ 2008ರಲ್ಲೇ ಉಪಶಮನ ಆರೈಕೆಗೆ ರಾಜ್ಯದ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ನರ್ಸ್‌ಗಳನ್ನು ಹಾಸಿಗೆ ಹಿಡಿದವರ ಮನೆಗೆ ಕಳುಹಿಸುವ ದಾರಿ ಹಿಡಿಯಿತು. ಮಲಪ್ಪುರಂ ಕಡೆಯ ಸ್ವಯಂಸೇವಕರು ಗಾಯ ತೊಳೆಯುವುದರ ಜೊತೆಗೆ ಆ ಮನೆಯಲ್ಲಿ ಅಕ್ಕಿ ಇದೆಯೇ ಎಂದೂ ನೋಡುವುದನ್ನು ರೂಢಿಸಿಕೊಂಡರು. ನೋಡಬೇಕಾದದ್ದು ಏನು ಎಂದು ಅವರಿಗೆ ತಿಳಿದಿತ್ತು.

ಹೀಗೆ ಅಳೆಯಬೇಕು ಎಂಬುದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಭಾರವಾದದ್ದು ಆಶಾ ಕಾರ್ಯಕರ್ತೆಯರ ಕಡೆಯಿಂದ ಬರುವಂಥದ್ದು. ಈಗಾಗಲೇ ರಿಜಿಸ್ಟರು, ಆ್ಯಪ್, ಸಮೀಕ್ಷೆ ಎಂದು ಹೈರಾಣಾದವರಿಗೆ ಇನ್ನೊಂದು ನಮೂನೆಯೇ? 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಚಳಿಯಲ್ಲಿ ಹಗಲು ರಾತ್ರಿ ಕೂತಾಗ ಗೌರವಧನದ ಬೇಡಿಕೆಯ ಜೊತೆಗಿದ್ದ ಒಂದು ದೂರು, ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಹಣ ಬರುವುದಿಲ್ಲ ಎಂಬುದು. ಅಳತೆ ಎಂಬುದು ದುಡಿಯುವವರ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದ್ದರಿಂದ ನಾನು ಹೇಳುತ್ತಿರುವುದು ಇರುವುದರ ಮೇಲೆ ಇನ್ನೊಂದನ್ನು ಹೇರುವ ಮಾತಲ್ಲ. ಹೋದೆ, ಅಳೆದೆ, ಬಂದೆ ಎಂಬ ಭೇಟಿ ಎಣಿಕೆಯ ಅಂಕಣಗಳಲ್ಲಿ ಕೆಲವನ್ನು ತೆಗೆದುಹಾಕಿ ಆ ಜಾಗಕ್ಕೆ ಇದನ್ನು ತರಬೇಕು. ಎಲ್ಲರನ್ನೂ ಅಳೆಯಬೇಕಿಲ್ಲ; ಪ್ರತಿ ತಾಲ್ಲೂಕಿನಲ್ಲಿ ಕೆಲವು ಮನೆಗಳನ್ನು ಚೀಟಿ ಎತ್ತಿ ಆರಿಸಿ, ತರಬೇತಾದ ಬೇರೆಯವರಿಂದ ಕೇಳಿಸಿದರೆ ಸಾಕು. ಉತ್ತರಕ್ಕೂ ಯಾರ ಗೌರವಧನಕ್ಕೂ ಗಂಟು ಹಾಕಬಾರದು. ಗಂಟು ಹಾಕಿದ ದಿನವೇ ಉತ್ತರ ಸುಳ್ಳಾಗಲು ಶುರುವಾಗುತ್ತದೆ.

ವಯಸ್ಸಾದ ಮೇಲೆ ಶಕ್ತಿ ಕುಂದುವುದೇ ಸಹಜ, ಕುಂದಿದ್ದಕ್ಕೆ ಸೇವೆಯನ್ನು ದೂರುವುದು ನ್ಯಾಯವೇ ಎಂಬ ಇನ್ನೊಂದು ಮಾತೂ ಸರಿಯೇ. ಸುಧಾರಣೆಯನ್ನು ಮಾತ್ರ ಫಲ ಎಂದರೆ, ಸುಧಾರಿಸಲಾರದವರನ್ನು ಸೇವೆ ಕೈಬಿಡುತ್ತದೆ. ಅಮೆರಿಕದಲ್ಲಿ ಅದೇ ಆಯಿತು. ಇನ್ನು ಮೇಲೆ ಸುಧಾರಿಸುವುದಿಲ್ಲ ಎಂಬ ಕಾರಣಕ್ಕೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ‘ಮೆಡಿಕೇರ್’ ನೆರವು ನಿಲ್ಲಿಸುತ್ತಿದ್ದುದು ನ್ಯಾಯಾಲಯಕ್ಕೆ ಹೋಗಿ, 2013ರ ಜನವರಿಯಲ್ಲಿ ‘ಜಿಮ್ಮೊ’ ಪ್ರಕರಣದ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ಇರುವ ಸ್ಥಿತಿಯನ್ನು ಕಾಪಾಡಲು, ಇಳಿಕೆಯನ್ನು ನಿಧಾನ ಮಾಡಲು ನುರಿತ ಆರೈಕೆ ಬೇಕಿದ್ದರೆ ಅದೂ ನೆರವಿಗೆ ಅರ್ಹ ಎಂದು ಸ್ಪಷ್ಟವಾಯಿತು. ಜಪಾನ್ ಇದೇ ಗಂಟಿನ ಇನ್ನೊಂದು ತುದಿ ಹಿಡಿದು ಎಳೆಯುತ್ತಿದೆ. 2000ದಲ್ಲಿ ಬಂದ ಅಲ್ಲಿನ ಆರೈಕೆ ವಿಮೆ ಅಗತ್ಯದ ಹಂತಕ್ಕೆ ತಕ್ಕಂತೆ ಹಣ ಕೊಡುತ್ತದೆ; ಹಿರಿಯರು ಚೇತರಿಸಿಕೊಂಡು ಹಂತ ಇಳಿದರೆ ಸೇವೆ ಕೊಟ್ಟವರ ಆದಾಯವೂ ಇಳಿಯುತ್ತದೆ. ಈ ವಿಪರ್ಯಾಸವನ್ನು ಸರಿಪಡಿಸಲು 2018ರಿಂದ, ಬಾರ್ಥೆಲ್ ಅಂಕವನ್ನು ಕುಸಿಯದಂತೆ ಕಾಯ್ದುಕೊಂಡ ಹಗಲು ಆರೈಕೆ ಕೇಂದ್ರಗಳಿಗೆ ಹೆಚ್ಚುವರಿ ಹಣ ಕೊಡುತ್ತಿದ್ದಾರೆ. ಆಗ ಮತ್ತೆ ಅಂಕ ಉಳಿಸಿಕೊಳ್ಳಬಲ್ಲವರನ್ನೇ ಸೇರಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಮೋಸಕ್ಕೆ ಒಂದಿಷ್ಟೂ ಎಡೆ ಕೊಡದ ಅಳತೆ ಎಲ್ಲೂ ಇಲ್ಲ. ಅದಕ್ಕೇ ಸೇವೆಗೆ ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು ಎಂಬ ಅಂಕಣ ಫಲಿತಾಂಶದ ಪಕ್ಕದಲ್ಲೇ ಅಚ್ಚಾಗಬೇಕು. ಇಂಗ್ಲೆಂಡಿನ ಆ ವರದಿಯಿಂದ ಕಲಿಯಬೇಕಾದದ್ದು 82 ಅಲ್ಲ, ಅದರ ಜೊತೆಗಿದ್ದ ಮೂರು.

ಸೇವೆಯೇ ಸರಿಯಾಗಿ ಇಲ್ಲದ ಕಡೆ ಅಳತೆಗೆ ಯಾಕೆ ಅವಸರ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಯೋಜನೆ ದೊಡ್ಡದಾದ ಮೇಲೆ ಅದರ ನಮೂನೆ ಬದಲಿಸುವುದು ಎಷ್ಟು ಕಷ್ಟ ಎಂದು ಸರ್ಕಾರಿ ಕಚೇರಿ ಕಂಡವರಿಗೆಲ್ಲ ಗೊತ್ತು. ಮೊದಲ ವರ್ಷ ಯಾವುದನ್ನು ಎಣಿಸುತ್ತಾರೋ ಇಪ್ಪತ್ತನೇ ವರ್ಷವೂ ಅದನ್ನೇ ಎಣಿಸುತ್ತಾರೆ. ಮನೆಯಲ್ಲೇ ಉಳಿಯುವುದು ಎಲ್ಲರಿಗೂ ಹಿತವೇ ಎಂಬ ಸಂದೇಹವನ್ನೂ ನಾನು ಹಂಚಿಕೊಳ್ಳುತ್ತೇನೆ. ಹೊಡೆತ ತಿನ್ನುವ ಮನೆಗಳಿವೆ, ಹಸಿವಿನ ಮನೆಗಳಿವೆ, ನೋಡಿಕೊಳ್ಳುವವಳೇ ಎಪ್ಪತ್ತು ದಾಟಿ ಸೊಂಟ ಹಿಡಿದ ಮನೆಗಳಿವೆ. ಅಲ್ಲಿಂದ ಒಳ್ಳೆಯ ಆಶ್ರಮಕ್ಕೆ ಹೋಗುವುದು ಸೋಲಲ್ಲ. ಎಲ್ಲಿರಲು ಇಷ್ಟ ಎಂದು ಆ ಹಿರಿಯರನ್ನೇ ಒಂಟಿಯಾಗಿ ಕೂರಿಸಿ, ಮಗ ಸೊಸೆ ಪಕ್ಕದಲ್ಲಿಲ್ಲದಾಗ ಕೇಳಿದ ಉತ್ತರವೂ ಅಳತೆಯ ಭಾಗವಾಗಬೇಕು.

ಕೋಲಾರದಲ್ಲಿ ಶುರುವಾದದ್ದು ಕೋಲಾರದಲ್ಲೇ ಮುಂದುವರಿಯಲಿ. ಜಿಲ್ಲಾಸ್ಪತ್ರೆಯಿಂದ ಪಾರ್ಶ್ವವಾಯು ಅಥವಾ ಸೊಂಟದ ಮೂಳೆ ಮುರಿತಕ್ಕೆ ಚಿಕಿತ್ಸೆ ಪಡೆದು ಹೊರಟ, 60 ದಾಟಿದವರ ಒಂದು ಪಟ್ಟಿ ಮಾಡಿ. ಏಳನೇ ದಿನ ಒಮ್ಮೆ, 90ನೇ ದಿನ ಒಮ್ಮೆ ಅವರ ಮನೆಗೆ ಹೋಗಿ. ಹೋಲಿಕೆಗೆ ಸೇವೆ ಇನ್ನೂ ತಲುಪದ ಪಕ್ಕದ ತಾಲ್ಲೂಕೊಂದರಿಂದಲೂ ಅಂಥದ್ದೇ ಪಟ್ಟಿ ಬೇಕು. ಎಷ್ಟು ದಿನ ಮನೆಯಲ್ಲಿ ಕಳೆದರು, ಬಚ್ಚಲಿಗೆ ಯಾರ ಕೈ ಹಿಡಿದು ಹೋಗುತ್ತಾರೆ, ಬೆನ್ನಿನಲ್ಲಿ ಹುಣ್ಣಿದೆಯೇ, ಕಳೆದ ವಾರ ಮನೆಯ ಹೊಸ್ತಿಲು ದಾಟಿ ಜಗಲಿಗಾದರೂ ಬಂದರೇ ಎಂದು ಕೇಳಿ. ಆಮೇಲೆ ರಾತ್ರಿ ಅವರ ಪಕ್ಕ ಮಲಗುವವರನ್ನು ಕೇಳಬೇಕು, ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದಿರಿ, ಈ ಕೆಲಸಕ್ಕಾಗಿ ಏನು ಬಿಟ್ಟಿರಿ ಎಂದು. ಹುಣ್ಣು ಕಂಡ ಮನೆಗೆ ಮರುದಿನವೇ ನರ್ಸ್ ಹೋಗಬೇಕು; ನಾಲ್ಕು ಗಂಟೆಯೂ ನಿದ್ದೆಯಿಲ್ಲ ಎಂದವರ ಮನೆಗೆ ವಾರದಲ್ಲಿ ಎರಡು ರಾತ್ರಿಯಾದರೂ ಕೂಲಿ ಕೊಟ್ಟು ಒಬ್ಬರನ್ನು ಕಳುಹಿಸಬೇಕು. ಆ ಎರಡು ರಾತ್ರಿಗಳಿಗೆ ಹಣ ಎಷ್ಟು ಬೇಕು ಎಂಬುದು ಜಿಲ್ಲೆಯ ಮುಂದಿನ ಬಜೆಟ್‌ನಲ್ಲಿ ಒಂದು ಸಾಲಾಗಿ ಬರಲಿ.